ಕೊಬ್ಬರಿ ಎಣ್ಣೆ ಕುಡಿದ ಇಗ್ನಿಷನ್: ಎರಡೂವರೆ ವರ್ಷ ಬಳಸಿದ ಮೇಲೆ ಒಂದು ಲಾಕ್ ರಿಪೇರಿಯ ವಿಮರ್ಶೆ

ಇದು ಕಾರಿನ ವಿಮರ್ಶೆಯಲ್ಲ, ಕಾರಿನ ಸ್ಟೇರಿಂಗ್ ಪಕ್ಕದಲ್ಲಿ ಕುಳಿತಿರುವ ಹೆಬ್ಬೆರಳು ಗಾತ್ರದ ಇಗ್ನಿಷನ್ ಬೀಗದ ವಿಮರ್ಶೆ. ಕಾರು 2014ರಲ್ಲಿ ಕೊಂಡ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಗುಂಡಿ ಒತ್ತಿ ಶುರುಮಾಡುವುದಲ್ಲ, ಕೀ ಹಾಕಿ ತಿರುಗಿಸುವುದು. ಕಂಪನಿಯ ಹೆಸರು ಬರೆಯುವುದಿಲ್ಲ. ಈ ಪ್ರಕರಣದಲ್ಲಿ ಅದರ ತಪ್ಪಿಗಿಂತ ನನ್ನ ತಪ್ಪೇ ದೊಡ್ಡದು. ಅದನ್ನು ಒಪ್ಪಿಕೊಳ್ಳುವುದಕ್ಕೆ ನನಗೆ ಒಂದು ತಿಂಗಳು ಬೇಕಾಯಿತು.

2022ರ ಡಿಸೆಂಬರ್. ಕೊಪ್ಪದ ಹತ್ತಿರ ಮಾವನ ಮನೆ. ಅಂಗಳದ ತುಂಬ ಅಡಿಕೆ ಹರಡಿದ್ದರಿಂದ ರಾತ್ರಿ ಕಾರನ್ನು ಗೇಟಿನ ಹೊರಗೆ, ಇಳಿಜಾರಿನಲ್ಲಿ, ಮುಂದಿನ ಚಕ್ರವನ್ನು ಕಲ್ಲಿಗೆ ಆನಿಸಿ ನಿಲ್ಲಿಸಿದ್ದೆ. ಶೃಂಗೇರಿಯಲ್ಲಿ ಒಂಬತ್ತು ಗಂಟೆಯ ಮುಹೂರ್ತ. ಬೆಳಿಗ್ಗೆ ಆರೂವರೆಗೆ ಮಂಜಿನಲ್ಲಿ ಹೋಗಿ ಕೀ ಹಾಕಿದರೆ ತಿರುಗಲೇ ಇಲ್ಲ. ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ, ಒಂದು ಕೂದಲೆಳೆಯಷ್ಟೂ ತಿರುಗುವುದಿಲ್ಲ.

ಮೊದಲು ಅನುಮಾನ ಬಂದದ್ದು ಸ್ಟೇರಿಂಗ್ ಲಾಕ್ ಮೇಲೆ. ಕೀ ತೆಗೆದು ಸ್ಟೇರಿಂಗನ್ನು ಸ್ವಲ್ಪ ತಿರುಗಿಸಿದರೆ ಒಳಗಿನ ಕಬ್ಬಿಣದ ಅಗುಳಿ ಸ್ಟೇರಿಂಗ್ ದಂಡದ ಕಚ್ಚಿಗೆ ಬಿದ್ದು ಹಿಡಿದುಕೊಳ್ಳುತ್ತದೆ. ಚಕ್ರ ಕಲ್ಲಿಗೋ ಫುಟ್‌ಪಾತಿಗೋ ಒತ್ತಿ ನಿಂತಿದ್ದರೆ ಆ ಒತ್ತಡವೆಲ್ಲ ಅಗುಳಿಯ ಮೇಲೆ ಕೂರುತ್ತದೆ. ಆಗ ಕೀ ಎಷ್ಟು ತಿರುಗಿಸಿದರೂ ಅಗುಳಿ ಸರಿಯುವುದಿಲ್ಲ. ಉಪಾಯ ಸುಲಭ: ಎಡಗೈಯಿಂದ ಸ್ಟೇರಿಂಗನ್ನು ಅತ್ತಿತ್ತ ಅಲುಗಿಸುತ್ತ ಬಲಗೈಯಿಂದ ಕೀಯನ್ನು ಹಗುರವಾಗಿ ತಿರುಗಿಸುವುದು. ಹತ್ತರಲ್ಲಿ ಒಂಬತ್ತು ಸಲ ಅಷ್ಟಕ್ಕೇ ಬಿಡುತ್ತದೆ. ನನ್ನದು ಹತ್ತನೆಯ ಸಲ.

ಅಷ್ಟರಲ್ಲಿ ಮನೆಯವರೆಲ್ಲ ಸುತ್ತ ಸೇರಿದ್ದರು. ಭಾವಮೈದ ಇಕ್ಕಳ ತಂದ. ಕೀಯ ತಲೆಗೆ ಇಕ್ಕಳ ಹಾಕಿ ಒಂದು ಸುತ್ತು ಕೊಟ್ಟೇಬಿಟ್ಟ. ಕೀ ತಿರುಗಲಿಲ್ಲ, ತಿರುಚಿಕೊಂಡಿತು. ಅಲ್ಲಿಗೆ ಕೈ ಹಿಡಿದು ನಿಲ್ಲಿಸಿದೆ. ಕೀ ಒಳಗೇ ಮುರಿದಿದ್ದರೆ ಈ ವಿಮರ್ಶೆಯಲ್ಲಿ ಬರುವ ಖರ್ಚಿನ ಅಂಕಿಗಳೆಲ್ಲ ಬೇರೆಯಾಗುತ್ತಿದ್ದವು. ಮದುವೆಗೆ ಎಲ್ಲರೂ ಮಾವನ ಪಿಕಪ್‌ನಲ್ಲಿ ಹೋದರು, ರೇಷ್ಮೆ ಸೀರೆಯವರು ಹಿಂದೆ ಚಾಪೆ ಹಾಸಿಕೊಂಡು. ನಾನು ವಿಮೆಯ ಜೊತೆ ಕೊಂಡಿದ್ದ ರಸ್ತೆ ಸಹಾಯ ಸೇವೆಗೆ ಫೋನ್ ಮಾಡಿ ಕಾದೆ. ಸ್ಟೇರಿಂಗ್ ಲಾಕ್ ಆಗಿದ್ದರೆ ಹಗ್ಗ ಕಟ್ಟಿ ಎಳೆಯುವಂತಿಲ್ಲ, ಕಾರನ್ನು ಪೂರ್ತಿ ಮೇಲೇರಿಸಿಕೊಂಡು ಹೋಗುವ ಲಾರಿಯೇ ಬೇಕು. ಇದನ್ನು ಫೋನಿನಲ್ಲಿ ಮೂರು ಜನರಿಗೆ ಮೂರು ಸಲ ವಿವರಿಸಿದೆ.

ಮೆಕ್ಯಾನಿಕ್ ಬಂದಾಗ ಹನ್ನೊಂದು ದಾಟಿತ್ತು. ಮಂಜು ಕರಗಿ, ಬಿಸಿಲು ಎದುರಿನ ಗಾಜಿನಿಂದ ನೇರವಾಗಿ ಸ್ಟೇರಿಂಗ್ ಮೇಲೆ ಬೀಳುತ್ತಿತ್ತು. ಆತ ಕುಳಿತು ಕೀ ತಿರುಗಿಸಿದ. ಕಾರು ಶುರುವಾಯಿತು. ನನ್ನ ಮುಖ ನೋಡಿದ. ಏನೂ ಹೇಳದೆ ಕಾಗದದ ಮೇಲೆ "ದೋಷ ಕಂಡುಬಂದಿಲ್ಲ" ಎಂದು ಬರೆದು ಸಹಿ ಹಾಕಿಸಿಕೊಂಡು ಹೋದ.

ಆ ತಿಂಗಳು ಇನ್ನೂ ನಾಲ್ಕು ಸಲ ಹೀಗಾಯಿತು, ನಾಲ್ಕೂ ಸಲ ಬೆಳಗಿನ ಜಾವ. ಮಧ್ಯಾಹ್ನ ಯಾವ ತಕರಾರೂ ಇಲ್ಲ. ಬೀಗಕ್ಕೂ ಸೂರ್ಯೋದಯಕ್ಕೂ ಏನು ಸಂಬಂಧ ಎಂದು ಆಗ ನಾನು ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಮೊದಲು ಮಾಡಿದ್ದು ಬಡಪಾಯಿ ಕೆಲಸ: ತಿರುಚಿದ ಕೀ ಕೊಟ್ಟು ಬಸ್ ನಿಲ್ದಾಣದ ಬಳಿ 250 ರೂಪಾಯಿಗೆ ಡೂಪ್ಲಿಕೇಟ್ ಮಾಡಿಸಿದೆ. ಅದರಲ್ಲಿ ಎರಡು ದೋಷ. ಒಂದು, ಸವೆದ ಕೀಯನ್ನು ನೋಡಿ ಕತ್ತರಿಸಿದ ಕೀ ಸವೆತವನ್ನೂ ನಿಷ್ಠೆಯಿಂದ ನಕಲು ಮಾಡಿಕೊಳ್ಳುತ್ತದೆ. ಇನ್ನೊಂದು, ಅಸಲಿ ಕೀಯ ಪ್ಲಾಸ್ಟಿಕ್ ತಲೆಯೊಳಗೆ ಇಮ್ಮೊಬಿಲೈಸರ್ ಚಿಪ್ ಇರುತ್ತದೆ. ಬೀಗದ ಬಾಯಿಯ ಸುತ್ತ ಇರುವ ತಂತಿಯ ಸುರುಳಿ ಅದನ್ನು ಗುರುತು ಹಿಡಿದರೆ ಮಾತ್ರ ಎಂಜಿನ್ ಶುರುವಾಗುತ್ತದೆ. ಹೊಸ ಕೀಯಲ್ಲಿ ಚಿಪ್ ಎಲ್ಲಿಂದ ಬರಬೇಕು? ಮಧ್ಯಾಹ್ನ ಬೀಗವೇನೋ ತಿರುಗಿತು, ಸೆಲ್ಫ್ ಹೊಡೆಯಿತು, ಎಂಜಿನ್ ಹಿಡಿಯಲಿಲ್ಲ. ಮೀಟರಿನಲ್ಲಿ ಕೀ ಚಿತ್ರದ ದೀಪ ಮಿಣುಕುತ್ತ ಕುಳಿತಿತ್ತು.

ಆಮೇಲೆ ಶೋರೂಮ್. ಅಲ್ಲಿ ಪರೀಕ್ಷೆ ಎರಡು ನಿಮಿಷದಲ್ಲಿ ಮುಗಿಯಿತು, ಅಂದಾಜು ಪಟ್ಟಿ ಕೈಗೆ ಬಂತು: ಪೂರ್ತಿ ಲಾಕ್ ಸೆಟ್, ಅಂದರೆ ಇಗ್ನಿಷನ್, ಎರಡು ಬಾಗಿಲು, ಡಿಕ್ಕಿ, ಎರಡು ಕೀ, ಚಿಪ್ಪಿನ ಜೋಡಣೆ, ಕೂಲಿ, ತೆರಿಗೆ ಸೇರಿ 16,400 ರೂಪಾಯಿ. ಸಾಮಾನು ಬರಲು ಎಂಟು ದಿನ. ಇದನ್ನು ಹಗಲು ದರೋಡೆ ಎಂದು ಕರೆಯುವುದು ಸುಲಭ, ಆದರೆ ಸಂಪೂರ್ಣ ನ್ಯಾಯವಲ್ಲ. ಇಗ್ನಿಷನ್ ಒಂದನ್ನೇ ಬದಲಿಸಿದರೆ ಬಾಗಿಲಿಗೊಂದು, ಎಂಜಿನ್ನಿಗೊಂದು ಕೀ ಇಟ್ಟುಕೊಂಡು ಓಡಾಡಬೇಕು. ಸ್ಟೇರಿಂಗ್ ಕಾಲಮ್ಮಿಗೆ, ಅಂದರೆ ಸ್ಟೇರಿಂಗ್ ದಂಡವನ್ನು ಹೊತ್ತ ಕಂಬಕ್ಕೆ, ಈ ಬೀಗವನ್ನು ಹಿಡಿದಿರುವ ಬೋಲ್ಟುಗಳೂ ಸಾಮಾನ್ಯದವಲ್ಲ. ಬಿಗಿಯುವಾಗಲೇ ತಲೆ ಮುರಿದುಹೋಗುವಂತೆ ಮಾಡಿರುತ್ತಾರೆ, ಕಳ್ಳ ಸ್ಪ್ಯಾನರ್ ಹಾಕಿ ಬಿಚ್ಚಬಾರದೆಂದು. ಮೆಕ್ಯಾನಿಕ್ ಕೂಡ ಉಳಿಯಿಂದ ತಟ್ಟಿಯೋ ಡ್ರಿಲ್ ಹಾಕಿಯೋ ತೆಗೆಯಬೇಕು. ಕೀಗಳೆಲ್ಲ ಕಳೆದುಹೋಗಿದ್ದರೆ, ಬೀಗ ಒಡೆದಿದ್ದರೆ ಶೋರೂಮಿನ ದಾರಿಯೇ ಸರಿ. ನನ್ನ ಆಕ್ಷೇಪ ಒಂದೇ: ಬಿಚ್ಚಿ ನೋಡುವ ಮಾತನ್ನೇ ಯಾರೂ ಎತ್ತಲಿಲ್ಲ. ವಿಮೆಯಿಂದ ಬರುತ್ತದೆಯೇ ಎಂದು ಕೇಳಿದೆ. ಸವೆತಕ್ಕೆ ವಿಮೆ ಇಲ್ಲ. ಕೀ ಬದಲಾವಣೆಯ ಹೆಚ್ಚುವರಿ ರಕ್ಷಣೆ ಇದ್ದರೂ ನನ್ನ ಪಾಲಿಸಿಯಲ್ಲಿ ಅದು ಕಳೆದುಹೋದ, ಕಳುವಾದ ಕೀಗೆ ಮಾತ್ರ.

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಶಿವಮೊಗ್ಗದವರಿಗೆ ಗೊತ್ತಿರುತ್ತದೆ. ಅಲ್ಲಿನ ಒಬ್ಬ ಪರಿಚಿತ ಎಲೆಕ್ಟ್ರಿಷಿಯನ್ ನನ್ನನ್ನು ಬೀಗದ ಕೆಲಸ ಮಾತ್ರ ಮಾಡುವ ಒಬ್ಬರ ಬಳಿಗೆ ಕಳುಹಿಸಿದರು. ಆ ಮನುಷ್ಯ ಕೇಳಿದ ಮೊದಲ ಪ್ರಶ್ನೆ, "ಎರಡನೆಯ ಕೀ ಎಲ್ಲಿದೆ?" ಎಂಟು ವರ್ಷದಿಂದ ಅದು ಬೀರುವಿನಲ್ಲಿ ಬಿಲ್ಲುಗಳ ಜೊತೆ ಮಲಗಿತ್ತು. ಎರಡನೆಯ ಪ್ರಶ್ನೆ, "ಕೀ ಜೊತೆ ನಂಬರಿನ ಒಂದು ಚಿಕ್ಕ ತಗಡು ಕೊಟ್ಟಿರುತ್ತಾರಲ್ಲ, ಅದು?" ಅದೂ ಅದೇ ಲಕೋಟೆಯಲ್ಲಿತ್ತು. ಎಂಟು ವರ್ಷ ಅದನ್ನು ಕಸವೆಂದು ಎಸೆಯದೇ ಇದ್ದದ್ದು ನನ್ನ ಸೋಮಾರಿತನದ ಫಲ. "ಎರಡನ್ನೂ ತೆಗೆದುಕೊಂಡು ಮಧ್ಯಾಹ್ನ ಹನ್ನೆರಡರ ಮೇಲೆ ಬನ್ನಿ" ಎಂದರು. ಮಧ್ಯಾಹ್ನವೇ ಏಕೆ ಎಂಬುದು ಅಲ್ಲಿ ತಿಳಿಯಿತು. ಬ್ಯಾರೆಲ್, ಅಂದರೆ ಕೀ ಹೋಗುವ ಬೀಗದ ಕೊಳವೆ, ಹೊರತೆಗೆಯಬೇಕಾದರೆ ಕೀಯನ್ನು ಒಂದು ಹಂತ ತಿರುಗಿಸಿ, ಪಕ್ಕದ ತೂತಿನಲ್ಲಿರುವ ಪಿನ್ನು ಒತ್ತಬೇಕು. ಕೀ ತಿರುಗದೆ ಬೀಗ ಹೊರಗೆ ಬಾರದು. ಬೀಗ ಹೊರಗೆ ಬಾರದೆ ಕೀ ತಿರುಗುವಂತೆ ಮಾಡಲಾಗದು. ತಿರುಗುವ ಹೊತ್ತಿಗೇ ಹಿಡಿಯಬೇಕು.

ಬ್ಯಾಟರಿಯ ತಂತಿ ಕಳಚಿ, ಏರ್‌ಬ್ಯಾಗ್ ಇರುವ ಕಾರು, ಅದರಲ್ಲಿ ಉಳಿದ ಕರೆಂಟು ಇಳಿಯಲಿ ಎಂದು ಐದು ನಿಮಿಷ ಸುಮ್ಮನೆ ಕೂತು, ಆಮೇಲೆ ಕಾಲಮ್ಮಿನ ಪ್ಲಾಸ್ಟಿಕ್ ಬಿಚ್ಚಿದರು. ಬ್ಯಾರೆಲ್ ಕೈಗೆ ಬಂದ ಮೇಲೆ ಹಳೆಯ ದಿನಪತ್ರಿಕೆಯ ಮೇಲೆ ಟೇಪನ್ನು ಅಂಟಿನ ಮುಖ ಮೇಲೆ ಮಾಡಿ ಹಾಸಿ, ಹಿತ್ತಾಳೆಯ ತೆಳು ಬಿಲ್ಲೆಗಳನ್ನು ಒಂದೊಂದೇ ಚಿಮುಟದಿಂದ ಎತ್ತಿ ಸಾಲಾಗಿ ಅಂಟಿಸಿದರು. ಎಂಟು ಬಿಲ್ಲೆ, ಉಗುರಿಗಿಂತ ಚಿಕ್ಕವು, ಪ್ರತಿಯೊಂದರ ಮೇಲೂ ಒಂದು ಅಂಕಿ. ಪ್ರತಿಯೊಂದರ ಹಿಂದೆ ಕೂದಲಿನಂಥ ಸ್ಪ್ರಿಂಗು. ಕೀಯ ಹಲ್ಲು ಆ ಎಂಟನ್ನೂ ಒಂದೇ ಮಟ್ಟಕ್ಕೆ ತಂದಾಗ ಮಾತ್ರ ಬ್ಯಾರೆಲ್ ತಿರುಗುತ್ತದೆ. ಬಿಲ್ಲೆಗಳ ನಡುವೆ ಬೂದುಬಣ್ಣದ ಮೇಣದಂಥದ್ದೊಂದು ತುಂಬಿತ್ತು. ಬೆರಳಿಗೆ ಹಚ್ಚಿ ಮೂಸಿ ನೋಡಿ, ನನ್ನ ಕಡೆಗೆ ಚಾಚಿದರು. ನಾನೂ ಮೂಸಿದೆ. ಕೊಬ್ಬರಿ ಎಣ್ಣೆ.

2021ರ ಮಳೆಗಾಲದಲ್ಲಿ ಕೀ ಸ್ವಲ್ಪ ಗಟ್ಟಿಯಾದಂತೆ ಕಂಡಾಗ ನಾನೇ ಬಿಟ್ಟ ಎಣ್ಣೆ. ನಮ್ಮ ಮನೆಯಲ್ಲಿ ತಲೆಗೆ, ಬಾಗಿಲ ಚಿಲಕಕ್ಕೆ, ಹೊಲಿಗೆ ಯಂತ್ರಕ್ಕೆ, ಸುಟ್ಟ ಗಾಯಕ್ಕೆ ಎಲ್ಲದಕ್ಕೂ ಅದೇ ಬಾಟಲಿ. ಆದರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಮಲೆನಾಡಿನ ಡಿಸೆಂಬರಿನ ಬೆಳಗ್ಗೆ ಬಚ್ಚಲುಮನೆಯ ಬಾಟಲಿಯಲ್ಲಿ ಬೆಳ್ಳಗೆ ಹೆಪ್ಪುಗಟ್ಟಿದ್ದನ್ನು ದಿನವೂ ನೋಡುತ್ತಿದ್ದವನಿಗೆ ಬೀಗದೊಳಗೂ ಅದೇ ನಡೆಯುತ್ತಿದೆ ಎಂದು ಹೊಳೆಯಲಿಲ್ಲ. ಧೂಳು ಹೀರಿಕೊಂಡ ಎಣ್ಣೆ ಬೆಳಿಗ್ಗೆ ಹೆಪ್ಪಾಗಿ ಬಿಲ್ಲೆಗಳನ್ನು ಹಿಡಿಯುತ್ತಿತ್ತು, ಹನ್ನೊಂದರ ಬಿಸಿಲಿಗೆ ಕರಗಿ ಬಿಡುತ್ತಿತ್ತು. ಅದೊಂದೇ ಆಗಿದ್ದರೆ ತಿರುಗಿಯೂ ತಿರುಗುತ್ತಿತ್ತೇನೋ. ಆದರೆ ಬೀರುವಿನಲ್ಲಿದ್ದ ಎರಡನೆಯ ಕೀ ಪಕ್ಕದಲ್ಲಿ ಇಟ್ಟು ನೋಡಿದರೆ ನನ್ನ ಕೀಯ ಹಲ್ಲುಗಳು ಸಾಬೂನಿನ ಚೂರಿನಂತೆ ದುಂಡಗಾಗಿದ್ದವು. ಸವೆದ ಹಲ್ಲು, ಹೆಪ್ಪುಗಟ್ಟಿದ ಬಿಲ್ಲೆ, ಎರಡೂ ಸೇರಿ ಮದುವೆ ತಪ್ಪಿಸಿದವು.

ಬಿಲ್ಲೆಗಳನ್ನು ಪೆಟ್ರೋಲಿನಲ್ಲಿ ತೊಳೆದು ಒರೆಸಿ, ತೀರ ಸವೆದ ಮೂರನ್ನು ಅದೇ ಅಂಕಿಯ ಹೊಸದಕ್ಕೆ ಬದಲಿಸಿ, ಎಣ್ಣೆಯ ಬದಲು ಗ್ರಾಫೈಟ್ ಪುಡಿ ಊದಿ ಮತ್ತೆ ಜೋಡಿಸಿದರು. ತಗಡಿನ ನಂಬರಿನ ಪ್ರಕಾರ ಹೊಸ ಕೀ ಕತ್ತರಿಸಿ, ತಿರುಚಿದ ಕೀಯ ತಲೆಯಿಂದ ಚಿಪ್ ತೆಗೆದು ಅದಕ್ಕೆ ಕೂರಿಸಿದರು. ಮೂರು ಗಂಟೆ, 2,200 ರೂಪಾಯಿ. ಬಿಲ್ಲು ಕೇಳಿದರೆ ಸಿಗರೇಟು ಪ್ಯಾಕಿನ ಹಿಂದೆ ಬರೆದುಕೊಟ್ಟರು. ಗ್ಯಾರಂಟಿ ಎಷ್ಟು ದಿನ ಎಂದೆ. "ಎಣ್ಣೆ ಬಿಡುವ ತನಕ" ಎಂದರು.

ಎರಡೂವರೆ ವರ್ಷ, 32,000 ಕಿಲೋಮೀಟರ್ ಆಯಿತು. ಮೂರು ಚಳಿಗಾಲ ದಾಟಿದೆ. ಒಮ್ಮೆಯೂ ಬೀಗ ಹಿಡಿದಿಲ್ಲ. ತಿರುಗಿಸುವಾಗ ಮೊದಲಿನ ಜಾರುವ ಹದ ಇಲ್ಲ, ಒಣಗಿದ ಕಟಕಟ ಸದ್ದು ಇದೆ. ಅದು ಇಷ್ಟವಾಗದವರಿರಬಹುದು, ನನಗೆ ಈಗ ಅದೇ ಸಮಾಧಾನ. ವರ್ಷಕ್ಕೊಮ್ಮೆ ಒಂದು ಚಿಟಿಕೆ ಗ್ರಾಫೈಟ್, ಅಷ್ಟೇ ಆರೈಕೆ.

ನಡುವೆ ಒಂದು ಸಲ ಆ ಮನುಷ್ಯನಿಗೆ ಅನ್ಯಾಯವಾಗಿ ಬೈದಿದ್ದೇನೆ, ಅದನ್ನೂ ಬರೆಯಬೇಕು. 2024ರ ಮಾರ್ಚ್‌ನಲ್ಲಿ ಕೀ ತಿರುಗುತ್ತದೆ, ಸೆಲ್ಫ್ ಹೊಡೆಯುವುದಿಲ್ಲ. ಇನ್ನೊಂದು ದಿನ ಗಾಜನೂರು ದಾಟುವಾಗ ಫ್ಯಾನು, ಮೀಟರು ಎಲ್ಲ ಕ್ಷಣಕಾಲ ಸತ್ತು ಎದ್ದವು. ರಿಪೇರಿ ಕೆಟ್ಟಿತು ಎಂದು ಫೋನಿನಲ್ಲೇ ರೇಗಿದೆ. ಆತ ಶಾಂತವಾಗಿ, ಕೀಯನ್ನು ಮುಟ್ಟಿ ಸ್ವಲ್ಪ ಅಲುಗಿಸಿ ನೋಡಿ ಎಂದರು. ಅಲುಗಿಸಿದರೆ ಫ್ಯಾನು ನಿಲ್ಲುತ್ತದೆ, ಬಿಟ್ಟರೆ ತಿರುಗುತ್ತದೆ. ಬೀಗ ಬೇರೆ, ಬೀಗದ ಬೆನ್ನಿಗಿರುವ ಇಗ್ನಿಷನ್ ಸ್ವಿಚ್ ಬೇರೆ. ಒಂದು ಕಬ್ಬಿಣದ ಕೆಲಸ, ಇನ್ನೊಂದು ಕರೆಂಟಿನ ಕೆಲಸ. ಸ್ವಿಚ್ಚಿನ ಸಂಪರ್ಕಗಳು ಸುಟ್ಟು ಕಪ್ಪಾಗಿದ್ದವು. ಸ್ವಿಚ್ಚಿಗೆ 1,150, ಕೂಲಿ 400. ಲಾಕ್ ಸೆಟ್ ಎಂದು ಹೇಳಿದವರೆಲ್ಲರೂ ಈ ಎರಡನ್ನು ಬೇರೆ ಮಾಡಿ ಹೇಳುತ್ತಾರೆಂಬ ನಂಬಿಕೆ ನನಗಿಲ್ಲ, ಆದ್ದರಿಂದ ಹಣ ಕೊಡುವ ಮೊದಲು ನೀವೇ ಕೇಳಿ: ಕೆಟ್ಟಿರುವುದು ಯಾವುದು?

ಆತ ಬೈದದ್ದು ನನ್ನ ಕೀಗೊಂಚಲಿಗೆ. ಮನೆ ಕೀ, ಬೀರು ಕೀ, ಸ್ಕೂಟರ್ ಕೀ, ಉಗುರು ಕತ್ತರಿ, ಹಿತ್ತಾಳೆ ಗಣಪ. ಅಂಗಡಿಯ ತಕ್ಕಡಿಯಲ್ಲಿ ಇಟ್ಟರೆ 140 ಗ್ರಾಂ. ಗುಂಡಿ ಬಿದ್ದ ರಸ್ತೆಯಲ್ಲಿ ಇಷ್ಟು ಭಾರ ಕುಣಿಯುತ್ತ ಬೀಗವನ್ನೂ ಸ್ವಿಚ್ಚನ್ನೂ ಎಳೆಯುತ್ತಿರುತ್ತದೆ. ಇದು ಬರೀ ಮೆಕ್ಯಾನಿಕ್‌ಗಳ ಗೊಣಗಾಟವಲ್ಲ. 2014ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸುಮಾರು 26 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡದ್ದು ಇದೇ ಇಗ್ನಿಷನ್ ಸ್ವಿಚ್ ಕಾರಣಕ್ಕೆ: ಕೀಗೊಂಚಲಿನ ಭಾರಕ್ಕೋ ಕುಲುಕಾಟಕ್ಕೋ ಕಾರು ಓಡುವಾಗಲೇ ಕೀ ಆಫ್ ಕಡೆಗೆ ಜಾರಿ, ಎಂಜಿನ್ ನಿಂತು, ಏರ್‌ಬ್ಯಾಗ್ ಕೂಡ ತೆರೆಯುತ್ತಿರಲಿಲ್ಲ. ಕಂಪನಿಯ ಪರಿಹಾರ ನಿಧಿಯೇ 124 ಸಾವುಗಳನ್ನು ಒಪ್ಪಿಕೊಂಡಿತು. ಗಾಜನೂರಿನ ಆ ಒಂದು ಕ್ಷಣ ನೆನೆದಾಗ ಈ ಅಂಕಿಯೂ ನೆನಪಾಗುತ್ತದೆ.

ಹಾಗೆಯೇ ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಪೆಟ್ರೋಲ್ ಉಳಿಸಲೆಂದು ಎಂಜಿನ್ ಆಫ್ ಮಾಡಿ ಇಳಿಯುವವರನ್ನು ನೋಡಿದ್ದೇನೆ. ಎಂಜಿನ್ ನಿಂತರೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಬ್ರೇಕು ಕಲ್ಲಾಗುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ. ಮರೆತು ಕೀ ಎಳೆದರಂತೂ ಅಗುಳಿ ಬಿದ್ದು ಸ್ಟೇರಿಂಗೇ ತಿರುಗುವುದಿಲ್ಲ. ಮುಂದಿನ ತಿರುವಿನಲ್ಲಿ ಏನು ಮಾಡುತ್ತೀರಿ?

ಗಣಪ ಈಗ ಡ್ಯಾಶ್‌ಬೋರ್ಡ್ ಮೇಲಿದ್ದಾನೆ, ಕೀ ಒಂಟಿಯಾಗಿ ಜೇಬಿನಲ್ಲಿದೆ. ನಂಬರಿನ ತಗಡಿನ ಫೋಟೋ ಹೆಂಡತಿಯ ಮೊಬೈಲಿನಲ್ಲೂ ಇದೆ. ಎರಡನೆಯ ಕೀಯನ್ನು ತಿಂಗಳಿಗೊಮ್ಮೆ ಹೊರತೆಗೆದು ಬಳಸುತ್ತೇನೆ. ಮೀಟರು 1,19,000 ದಾಟಿದೆ. ಡಿಕ್ಕಿಯ ಬೀಗ ಮಾತ್ರ ಇನ್ನೂ ಗಟ್ಟಿ. ಅಲ್ಲಿಗೂ ಒಂದು ಕಾಲದಲ್ಲಿ ಅದೇ ಬಾಟಲಿಯ ಎಣ್ಣೆ ಬಿಟ್ಟಿದ್ದೆ.