ಡಿಜಿಟಲ್ ಪೆನ್ನು, ಓರೆ ಗೆರೆ, ನನ್ನ ಕೈ: ಮೂರು ವರ್ಷದ ಬಳಕೆ

ನಾನು ಹೈಸ್ಕೂಲ್ ಗಣಿತ ಮೇಷ್ಟ್ರು. ಅರಸೀಕೆರೆ ಕಡೆಯವನು. ಕನ್ನಡ ಮಾಧ್ಯಮದ ಹತ್ತನೇ ತರಗತಿ ಮಕ್ಕಳಿಗೆ ಸಂಜೆ ಆನ್‌ಲೈನ್ ಪಾಠ ಹೇಳುವುದಕ್ಕೆ 2022ರಲ್ಲಿ ಪೂರ್ತಿ ಹಿಂದಕ್ಕೆ ಮಡಚುವ ಟಚ್‌ಸ್ಕ್ರೀನ್ ಲ್ಯಾಪ್‌ಟಾಪ್ ತಗೊಂಡೆ. ಪೆನ್ನು ಡಬ್ಬದಲ್ಲೇ ಬಂತು. 62 ಸಾವಿರ ರೂಪಾಯಿ, ಹನ್ನೆರಡು ಕಂತು.

ಮೊದಲ ವಾರವೇ ಥೇಲ್ಸ್ ಪ್ರಮೇಯ ಹೇಳಬೇಕಿತ್ತು. ತ್ರಿಭುಜದ ತಳ ಎಳೆದೆ, ನೇರವಾಗಿ ಬಂತು. ಎಡಗಡೆಯ ಓರೆ ಬಾಹು ನಿಧಾನವಾಗಿ ಎಳೆದೆ. ಗೆರೆ ಅಲೆ ಅಲೆಯಾಗಿ ಬಂತು. ಅಳಿಸಿ ಮತ್ತೆ ಎಳೆದೆ. ಮತ್ತೆ ಅದೇ ಅಲೆ. ಇನ್ನೂ ಹುಷಾರಾಗಿ, ಉಸಿರು ಹಿಡಿದು ಎಳೆದರೆ ಅಲೆ ಇನ್ನೂ ಜಾಸ್ತಿ.

ನಮ್ಮಪ್ಪನಿಗೆ ಐವತ್ತೈದು ದಾಟಿದ ಮೇಲೆ ಕೈ ನಡುಗುವುದಕ್ಕೆ ಶುರುವಾಗಿತ್ತು. ಕೊನೆಗೆ ಬ್ಯಾಂಕಿನಲ್ಲಿ ಸಹಿ ಹಾಕುವುದಕ್ಕೂ ಆಗುತ್ತಿರಲಿಲ್ಲ. ನನಗೆ ಆಗ ಐವತ್ತೆರಡು. ಯಾರಿಗೂ ಹೇಳಲಿಲ್ಲ. ಸ್ಕೂಲಿನಲ್ಲಿ ಮಕ್ಕಳು ಹೋದ ಮೇಲೆ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಓರೆ ಗೆರೆ ಎಳೆದು ಎಳೆದು ನೋಡುತ್ತಿದ್ದೆ. ಅಲ್ಲಿ ಸರಿ ಕಾಣುತ್ತಿತ್ತು. ಆದರೆ ಸೀಮೆಸುಣ್ಣದ ಗೆರೆ ದಪ್ಪ, ಅದರಲ್ಲಿ ಸಣ್ಣ ನಡುಕ ಮುಚ್ಚಿಹೋಗುತ್ತದೆ ಅಂತ ಮನಸ್ಸು ಹೇಳುತ್ತಿತ್ತು. ಸರ್ವಿಸ್ ಸೆಂಟರಿಗೆ ಹೋದಾಗ ಅಲ್ಲಿದ್ದ ಹುಡುಗ ತನ್ನ ಹೆಸರನ್ನು ಸರಸರ ಗೀಚಿ ತೋರಿಸಿ, "ಪೆನ್ನು ಸರಿಯಿದೆ ಸರ್, ವಯಸ್ಸಾದವರಿಗೆ ಸ್ವಲ್ಪ ಅಭ್ಯಾಸ ಬೇಕು" ಅಂದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ದಿನ ಮಗಳ ಕಂಪಾಸ್ ಪೆಟ್ಟಿಗೆಯ ಪ್ಲಾಸ್ಟಿಕ್ ಸ್ಕೇಲ್ ಅಲ್ಲೇ ಮೇಜಿನ ಮೇಲೆ ಬಿದ್ದಿತ್ತು. ಅದನ್ನು ಪರದೆಯ ಮೇಲೆ ಓರೆಯಾಗಿ ಇಟ್ಟು, ಅದರ ಅಂಚಿಗೆ ಪೆನ್ನು ಒತ್ತಿ ನಿಧಾನವಾಗಿ ಗೆರೆ ಎಳೆದೆ. ಸ್ಕೇಲಿನ ಅಂಚು ನೇರ. ಪರದೆಯ ಗೆರೆ ಅಲೆ ಅಲೆ! ನಡುಗುತ್ತಿದ್ದದ್ದು ನನ್ನ ಕೈ ಅಲ್ಲ. ಹಾಗೇ ಎದ್ದು ಹೊರಗೆ ಬಂದು ಜಗುಲಿಯ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ.

ಆಮೇಲೆ ಓದಿ ತಿಳಿದುಕೊಂಡದ್ದು ಇಷ್ಟು. ಗಾಜಿನ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ತಂತಿಗಳ ಬಲೆ ಇರುತ್ತದೆ, ಅಡ್ಡಕ್ಕೂ ಉದ್ದಕ್ಕೂ. ಪೆನ್ನಿನ ಮೊನೆ ಕಳಿಸುವ ಸಂಕೇತವನ್ನು ಆ ತಂತಿಗಳು ಹಿಡಿಯುತ್ತವೆ. ಮೊನೆ ಎರಡು ತಂತಿಗಳ ನಡುವೆ ಇದ್ದಾಗ, ಯಾವ ತಂತಿಗೆ ಸಂಕೇತ ಎಷ್ಟು ಜೋರಾಗಿ ಬಂತು ಅಂತ ನೋಡಿ ಲ್ಯಾಪ್‌ಟಾಪ್ ಮೊನೆಯ ಜಾಗವನ್ನು ಲೆಕ್ಕ ಹಾಕುತ್ತದೆ. ಆ ಲೆಕ್ಕದಲ್ಲಿ ಕೂದಲೆಳೆಯಷ್ಟು ತಪ್ಪು ಇರುತ್ತದೆ. ಅಡ್ಡ ಗೆರೆಯಲ್ಲಿ ಆ ತಪ್ಪು ಉದ್ದಕ್ಕೂ ಒಂದೇ ಸಮ, ಹಾಗಾಗಿ ಕಾಣುವುದಿಲ್ಲ. ಓರೆ ಗೆರೆ ಒಂದೊಂದೇ ತಂತಿ ದಾಟಿಕೊಂಡು ಹೋಗುತ್ತದಲ್ಲ, ಪ್ರತಿ ಸಲ ಒಂಚೂರು ಆಚೆ, ಒಂಚೂರು ಈಚೆ. ಬೇಗ ಎಳೆದರೆ ಅಲೆ ಅಷ್ಟಾಗಿ ಕಾಣುವುದಿಲ್ಲ. ಸರ್ವಿಸ್ ಸೆಂಟರಿನ ಹುಡುಗ ಬೇಗ ಗೀಚಿದ್ದ, ನಾನು ನಿಧಾನವಾಗಿ ಎಳೆದಿದ್ದೆ. ವ್ಯತ್ಯಾಸ ಅಷ್ಟೇ.

ಬ್ಯಾಟರಿ ಹಾಕುವ ಪೆನ್ನುಗಳಲ್ಲಿ ಇದು ಸಾಮಾನ್ಯ, ಒಂದೇ ಕಂಪನಿಯ ದೋಷ ಅಲ್ಲ. ಆದರೂ ನನಗೆ ಸಿಟ್ಟಿದೆ. ಡಬ್ಬದ ಮೇಲೆ ಒತ್ತಡದ 4096 ಹಂತ (ಪೆನ್ನನ್ನು ಎಷ್ಟು ಒತ್ತಿದೆವು ಅಂತ ಗುರುತಿಸುವ ಹಂತಗಳು) ಅಂತ ದೊಡ್ಡದಾಗಿ ಅಚ್ಚು ಹಾಕಿದ್ದಾರೆ. ಈ ಅಲೆಯ ಬಗ್ಗೆ ಒಂದು ಸಾಲು ಬರೆದಿದ್ದರೆ ನಾನು ಎರಡು ತಿಂಗಳು ಹೆದರಿಕೊಂಡು ಇರಬೇಕಾಗಿರಲಿಲ್ಲ.

ಈಗ ಒನ್‌ನೋಟ್ ಅನ್ನುವ ಟಿಪ್ಪಣಿ ಬರೆಯುವ ತಂತ್ರಾಂಶದಲ್ಲಿರುವ, ಪರದೆಯ ಮೇಲೇ ಮೂಡುವ ಸ್ಕೇಲನ್ನೇ ಬಳಸುತ್ತೇನೆ. ಎರಡು ಬೆರಳಿಟ್ಟು ತಿರುಗಿಸಿದರೆ ಎಷ್ಟು ಡಿಗ್ರಿ ಅಂತ ತೋರಿಸುತ್ತದೆ. ಮಕ್ಕಳಿಗೆ ಅದು ಬಹಳ ಇಷ್ಟ. "ಅರವತ್ತಕ್ಕೆ ನಿಲ್ಲಿಸಿ ಸರ್, ಅರವತ್ತಕ್ಕೆ!" ಅಂತ ಕೂಗುತ್ತಾರೆ.

ಇನ್ನೊಂದು ತೊಂದರೆ ಬ್ಯಾಟರಿಯದು. ನನ್ನ ಪೆನ್ನಿಗೆ ನಾಲ್ಕು ಎ ಇರುವ ಬ್ಯಾಟರಿ ಬೇಕು, ಎಎಎಎ. ಗೋಡೆ ಗಡಿಯಾರಕ್ಕೆ ಹಾಕುವುದು ಎರಡು ಎ, ಟಿವಿ ರಿಮೋಟಿಗೆ ಹೆಚ್ಚಾಗಿ ಮೂರು ಎ. ಇದು ಅದಕ್ಕಿಂತ ಸಣ್ಣ. ಊರಿನಲ್ಲಿ ಸಿಗಲಿಲ್ಲ. ತಿಪಟೂರಿನಲ್ಲೂ ಅಂಗಡಿಯವರು "ಹಂಗೊಂದು ಐತಾ ಸರ್?" ಅಂತ ನನ್ನನ್ನೇ ಕೇಳಿದರು. ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಲ್ಲಿ ನಾಲ್ಕು ಅಂಗಡಿ ಹತ್ತಿ ಇಳಿದ ಮೇಲೆ ಸಿಕ್ಕಿತು. ನನ್ನ ಬಳಕೆಗೆ ಒಂದು ಬ್ಯಾಟರಿ ಆರೇಳು ತಿಂಗಳು ಬರುತ್ತದೆ. ಮುಗಿಯುವ ಮುಂಚೆ ಅಕ್ಷರ ಅಲ್ಲಲ್ಲಿ ತುಂಡಾಗುತ್ತದೆ. ಹಾಗಾಗಿ ಈಗ ಯಾವಾಗಲೂ ಎರಡು ಪ್ಯಾಕ್ ಮನೆಯಲ್ಲಿ ಇಟ್ಟಿರುತ್ತೇನೆ.

ಇಷ್ಟೆಲ್ಲಾ ದೂರು ಹೇಳಿಯೂ ಮೂರು ವರ್ಷದಿಂದ ಇದನ್ನೇ ಬಳಸುತ್ತಿದ್ದೇನೆ. ಅದಕ್ಕೆ ಕಾರಣ ಕನ್ನಡ ಬರವಣಿಗೆ.

ನಮ್ಮ ಅಕ್ಷರಗಳು ದುಂಡು. ಅಲೆ ಏಳುವುದು ನಿಧಾನವಾಗಿ ಎಳೆದ ಉದ್ದನೆ ಓರೆ ಗೆರೆಯಲ್ಲಿ. ಅಂಥ ಗೆರೆ ಕನ್ನಡದ ಯಾವ ಅಕ್ಷರದಲ್ಲಿದೆ ಹೇಳಿ? 'ಠ' ಬರೆದರೆ ಸುತ್ತಿ ಬಂದು ಸೇರುತ್ತದೆ. 'ತ್ರಿಜ್ಯ' ಅಂತ ಬರೆದಾಗ ಗುಡಿಸು ಮೇಲೆ, ಒತ್ತುಗಳು ಕೆಳಗೆ, ಎಲ್ಲ ತಮ್ಮ ಜಾಗದಲ್ಲಿ ಕೂರುತ್ತವೆ. ಸ್ವಲ್ಪ ಒತ್ತಿದರೆ ದಪ್ಪ, ಬಿಟ್ಟರೆ ಸಣ್ಣ. ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದ ನನ್ನ ಅಕ್ಷರ ಹಾಗೇ ಬಂತು. ಒಂದೇ ಕಿವಿಮಾತು: ಸಾಲುಗಳ ನಡುವಿನ ಜಾಗ ದೊಡ್ಡದಿರುವ ಹಾಳೆ ಆರಿಸಿಕೊಳ್ಳಿ. ಇಂಗ್ಲಿಷಿಗೆ ಸಾಕಾಗುವ ಅಂತರದಲ್ಲಿ ನಮ್ಮ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಕುತ್ತದೆ. ಕೈಬರಹವನ್ನು ಅಚ್ಚಿನ ಅಕ್ಷರ ಮಾಡುವ ಸೌಲಭ್ಯ ನನ್ನ ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷಿಗೆ ಮಾತ್ರ ಕೆಲಸ ಮಾಡುತ್ತದೆ, ಕನ್ನಡ ಚಿತ್ರವಾಗಿಯೇ ಉಳಿಯುತ್ತದೆ. ಫೋನಿನ ಜಿಬೋರ್ಡ್ ಕೀಲಿಮಣೆ ನಾನು ಬೆರಳಲ್ಲಿ ಬರೆದ ಕನ್ನಡವನ್ನು ಚೆನ್ನಾಗಿಯೇ ಗುರುತಿಸುತ್ತದೆ. ಲ್ಯಾಪ್‌ಟಾಪಿಗೂ ಅದು ಬರಲಿ ಅಂತ ಕಾಯುತ್ತಿದ್ದೇನೆ.

ಪರದೆ ನಿಲ್ಲಿಸಿಕೊಂಡು ಬರೆಯುವುದಕ್ಕೆ ಆಗಲ್ಲ. ಮುಟ್ಟಿದಾಗಲೆಲ್ಲ ಹಿಂದಕ್ಕೆ ತೂಗುತ್ತದೆ. ಪೂರ್ತಿ ಮಡಚಿ ಮಲಗಿಸಬೇಕು. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಡೆಸ್ಕು ಇದೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಲೆಕ್ಕ ಬರೆಯುವಂಥದ್ದು. ಮೇಲಿನ ಹಲಗೆ ಇಳಿಜಾರು, ಪುಸ್ತಕ ಜಾರದ ಹಾಗೆ ಕೆಳಗೆ ಒಂದು ಪಟ್ಟಿ. ಲ್ಯಾಪ್‌ಟಾಪ್ ಅದರ ಮೇಲೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂರುತ್ತದೆ.

ಬೆಳಿಗ್ಗೆ ಐದೂವರೆಗೆ ಕಾಫಿ ಲೋಟ ಎಡಗಡೆ ನೆಲದ ಮೇಲೆ. ಹಳೇ ಪಂಚೆಯ ತುಂಡಿನಿಂದ ಗಾಜು ಒರೆಸುತ್ತೇನೆ. ಹೊಸ ಪುಟದ ಬಲಮೂಲೆಯಲ್ಲಿ ತಾರೀಕು. ಆಮೇಲೆ ಅವತ್ತಿನ ಪಾಠದ ಹೆಸರು, ಅದರ ಕೆಳಗೆ ಎರಡು ಗೆರೆ. ಪರದೆಗೆ ಮಂಕು ಹಾಳೆ ಅಂಟಿಸಿದ್ದೇನೆ, ಗಾಜಿನ ಜಾರಿಕೆ ಹೋಗಿ ಕಾಗದದ ಹಾಗೆ ಸರ್ ಸರ್ ಅನ್ನುತ್ತದೆ. ಅದರಿಂದ ಬೆಳಕು ಸ್ವಲ್ಪ ಕಮ್ಮಿ, ಪೆನ್ನಿನ ಮೊನೆಯೂ ಬೇಗ ಸವೆಯುತ್ತದೆ. ಮೂರು ವರ್ಷಕ್ಕೆ ನಾಲ್ಕನೇ ಮೊನೆ ಹಾಕಿದ್ದೇನೆ. ಆ ಸದ್ದಿಗಾಗಿ ನನಗೆ ಅದು ದುಬಾರಿ ಅನ್ನಿಸಿಲ್ಲ.

ರಾತ್ರಿ ಮಕ್ಕಳು ಉತ್ತರದ ಫೋಟೊ ತೆಗೆದು ಪಿಡಿಎಫ್ ಮಾಡಿ ಕಳಿಸುತ್ತಾರೆ. ಕ್ಸೋರ್ನಲ್ ಪ್ಲಸ್ ಪ್ಲಸ್ ಅಂತ ಉಚಿತ ತಂತ್ರಾಂಶ ಇದೆ, ಅದರಲ್ಲಿ ತೆರೆದು ಕೆಂಪು ಶಾಯಿಯಲ್ಲಿ ತಿದ್ದುತ್ತೇನೆ. ಒಬ್ಬ ಹುಡುಗಿ ಒಂದು ಸಲ ಕೇಳಿದಳು: "ಸರ್, ಟೈಪ್ ಮಾಡಬೇಡಿ, ನಿಮ್ಮ ಕೈಯಲ್ಲೇ ಬರೆಯಿರಿ. ಸ್ಕೂಲಲ್ಲಿ ಇದ್ದ ಹಾಗೇ ಇರುತ್ತೆ."

ಹೋದ ತಿಂಗಳು ನಮ್ಮ ಸ್ಕೂಲಿನ ವಿಜ್ಞಾನದ ಮೇಡಂ ಲ್ಯಾಪ್‌ಟಾಪ್ ಕೊಳ್ಳುವುದಕ್ಕೆ ನನ್ನನ್ನೂ ಕರೆದುಕೊಂಡು ಹೋದರು. ಜೇಬಿನಲ್ಲಿ ಪ್ಲಾಸ್ಟಿಕ್ ಸ್ಕೇಲ್ ಇಟ್ಟುಕೊಂಡು ಹೋಗಿದ್ದೆ. ಸ್ಟೀಲ್ ಬೇಡ, ಪರದೆ ಅದನ್ನು ಬೆರಳು ಅಂದುಕೊಳ್ಳಬಹುದು. ಎರಡು ಲ್ಯಾಪ್‌ಟಾಪಿನಲ್ಲಿ ನಿಧಾನವಾಗಿ ಓರೆ ಗೆರೆ ಎಳೆದೆವು, ಅದೇ ಅಲೆ. ಮೂರನೆಯದು ಸ್ಯಾಮ್‌ಸಂಗ್, ಎಸ್ ಪೆನ್ ಜೊತೆಗೇ ಬಂದದ್ದು. ಆ ಪೆನ್ನಿನಲ್ಲಿ ಬ್ಯಾಟರಿಯೇ ಇಲ್ಲ, ಪರದೆಯ ಹಿಂದಿರುವ ಹಲಗೆಯ ಕಾಂತಕ್ಷೇತ್ರದಿಂದಲೇ ಅದಕ್ಕೆ ಶಕ್ತಿ ಸಿಗುತ್ತದೆ. ಗೆರೆ ಅಂಚಿನ ಹತ್ತಿರ ಒಂಚೂರು ಬಾಗಿತು, ಉಳಿದಂತೆ ನೇರ. ನಾನು ಮೂರು ವರ್ಷದಿಂದ ಹುಡುಕುತ್ತಿದ್ದ ಗೆರೆ ಅದು. ಬೆಲೆ ನನ್ನದರ ಎರಡರಷ್ಟು.

ಮೇಡಂ ಸ್ವಲ್ಪ ಹೊತ್ತು ಯೋಚನೆ ಮಾಡಿ ಮೊದಲನೆಯದನ್ನೇ ತಗೊಂಡರು. "ನಾನು ಬರೆಯೋದು ಹೃದಯ, ಮೂತ್ರಪಿಂಡ, ಹೂವಿನ ಭಾಗ. ನನಗೆ ನೇರ ಗೆರೆ ಎಲ್ಲಿ ಬರುತ್ತೆ ಸರ್?" ಅಂದರು. ಮನೆಯಲ್ಲಿದ್ದ ಬ್ಯಾಟರಿ ಪ್ಯಾಕ್ ಒಂದನ್ನು ಅವರಿಗೆ ಕೊಟ್ಟೆ.