ಪದ್ಮಿನಿಯ ಆಯಿಲ್ ಪಂಪ್: ಎರಡು ವರ್ಷ ಓಡಿಸಿದ ಮೇಲೆ

ನಮ್ಮದು 1986ರ ಪ್ರೀಮಿಯರ್ ಪದ್ಮಿನಿ, 1089 ಸಿಸಿ ಎಂಜಿನ್, ಅಪ್ಪ ಕೊಂಡದ್ದು. ಈಗ ಅದರ ಮುಖ್ಯ ಕೆಲಸ ಅಂದರೆ ಭಾನುವಾರ ಮುಂಬೈನ ಮುಲುಂಡಿನಿಂದ ಮಾಟುಂಗಾಕ್ಕೆ ನಮ್ಮನ್ನು ಇಡ್ಲಿ ತಿನ್ನಲು ಕರೆದೊಯ್ಯುವುದು. ಹಾಗೆ ಹೋಗುವಾಗಲೇ ಸಯನ್ ಸಿಗ್ನಲ್ಲಿನಲ್ಲಿ ಆಯಿಲ್ ದೀಪ, ಅಂದರೆ ಎಂಜಿನ್ ಎಣ್ಣೆಯ ಒತ್ತಡ ಇಳಿದರೆ ಹೊತ್ತುವ ದೀಪ, ಮಿಣುಕತೊಡಗಿತು. ಆಕ್ಸಿಲರೇಟರ್ ಒತ್ತಿದರೆ ಆರುತ್ತಿತ್ತು, ಬಿಟ್ಟರೆ ಮತ್ತೆ ಮಿಣಮಿಣ.

ಎಲ್ಲರೂ ಎಂಜಿನ್ನಿಗೆ ಎಣ್ಣೆ ತಳ್ಳುವ ಪಂಪ್ ಬದಲಿಸು ಅಂದರು. ಕುರ್ಲಾದ ನಮ್ಮ ಮೆಕ್ಯಾನಿಕ್ ಚಾಚಾ ಮಾತ್ರ ಮೊದಲು ದೀಪದ ಸ್ವಿಚ್ ಬಿಚ್ಚಿ ಅದೇ ತೂತಿಗೆ ಒತ್ತಡದ ಮೀಟರ್ ಕೂರಿಸಿದರು. ಬಿಸಿ ಎಂಜಿನ್, ಐಡಲ್‌ನಲ್ಲಿ (ಆಕ್ಸಿಲರೇಟರ್ ಬಿಟ್ಟಾಗ) ಒತ್ತಡ ಬರೀ 6 ಪಿಎಸ್‌ಐ, ದೀಪ ಸುಳ್ಳು ಹೇಳುತ್ತಿರಲಿಲ್ಲ. ಸಂಪ್ (ಎಂಜಿನ್ ಅಡಿಯ ಎಣ್ಣೆ ತಟ್ಟೆ) ಇಳಿಸಿದ ಮೇಲೂ ಮೊದಲು ಬೇರಿಂಗ್ ನೋಡಿದರು. ಬೇರಿಂಗ್ ಸವೆದಿದ್ದರೆ ಎಣ್ಣೆ ಅಲ್ಲೇ ಜಾರಿಹೋಗುತ್ತದೆ, ಆಗ ಹೊಸ ಪಂಪ್ ಹಾಕುವುದು ತೂತು ಬಿಂದಿಗೆಗೆ ನೀರು ಹೊಯ್ದ ಹಾಗೆ. ನಮ್ಮ ಬೇರಿಂಗ್ ಚೆನ್ನಾಗಿದ್ದವು, ಪಂಪಿನ ಮುಚ್ಚಳದಲ್ಲಿ ಮಾತ್ರ ಗೇರು ಕೊರೆದ ಗೀರು ಉಗುರಿಗೆ ಸಿಗುವಷ್ಟು ಆಳ.

ಕುರ್ಲಾದ ಸಿಎಸ್‌ಟಿ ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಎರಡು ಪಂಪ್ ಸಿಕ್ಕವು. ಒಂದು ಹೊಚ್ಚ ಹೊಸದು, ಮಿರಮಿರ ಮಿಂಚುತ್ತಿತ್ತು, ಡಬ್ಬಿ ಮೇಲೆ ಹೆಸರೇ ಇಲ್ಲ. ಇನ್ನೊಂದು ಯಾರದೋ ಅಟ್ಟದಿಂದ ಬಂದ ಹಳೇ ಸ್ಟಾಕ್, ಗ್ರೀಸ್ ಕಾಗದದಲ್ಲಿ ಸುತ್ತಿದ್ದು, ಬಳಸಿಲ್ಲ. ಚಾಚಾ ಎರಡರ ಮುಚ್ಚಳವನ್ನೂ ಅಂಗಡಿಯಲ್ಲೇ ಬಿಚ್ಚಿಸಿ, ಗೇರಿನ ಮೇಲೆ ಸ್ಟೀಲ್ ಪಟ್ಟಿ ಅಡ್ಡ ಇಟ್ಟು, ಸಂದಿನಲ್ಲಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿದರು. ಸಂದು ದೊಡ್ಡದಾದಷ್ಟೂ ಎಣ್ಣೆ ಪಂಪಿನೊಳಗೇ ಸೋರಿ ಒತ್ತಡ ಇಳಿಯುತ್ತದೆ. ಹಳೇ ಸ್ಟಾಕಿನದು 0.08 ಮಿ.ಮೀ., ಹೊಸದು 0.20! ಸವೆದ ನಮ್ಮ ಪಂಪಿಗೂ ಅದಕ್ಕೂ ಏನು ವ್ಯತ್ಯಾಸ ಹೇಳಿ. ಅಂಗಡಿಯವನು ಮುಖ ಗಂಟು ಹಾಕಿದ, ಹಾಕಲಿ. ಬಿಚ್ಚಲು ಬಿಡದವನ ಹತ್ತಿರ ಪಂಪ್ ಕೊಳ್ಳಲೇಬೇಡಿ. 2023ರ ಅಕ್ಟೋಬರಿನಲ್ಲಿ ಪದ್ಮಿನಿ ಟ್ಯಾಕ್ಸಿಗಳು ಮುಂಬೈ ರಸ್ತೆ ಬಿಟ್ಟ ಮೇಲೆ ಬಿಡಿಭಾಗ ಸಿಕ್ಕಿದ್ದೇ ಪುಣ್ಯ ಅನ್ನೋ ಪರಿಸ್ಥಿತಿ, ಆದರೂ.

ಹಳೇ ಸ್ಟಾಕಿನದನ್ನೇ ಕೊಂಡು, ಕೂರಿಸುವ ಮುಂಚೆ ಅದರೊಳಗೆ ಎಣ್ಣೆ ತುಂಬಿ ಕೈಯಲ್ಲಿ ತಿರುಗಿಸಿದೆವು. ಒಣ ಪಂಪ್ ಎಣ್ಣೆ ಎಳೆಯದೆ ಸುಮ್ನೆ ಗಾಳಿ ತಿರುಗಿಸುತ್ತದೆ, ಅಷ್ಟರಲ್ಲಿ ಬೇರಿಂಗ್ ಕಥೆ ಮುಗಿದಿರುತ್ತದೆ. ಸ್ಪಾರ್ಕ್ ಪ್ಲಗ್ ತೆಗೆದು ಮೀಟರ್ ಮುಳ್ಳು ಏಳುವ ತನಕ ಸ್ಟಾರ್ಟರ್ ಹೊಡೆದು, ಆಮೇಲಷ್ಟೇ ಎಂಜಿನ್ ಶುರು ಮಾಡಿದ್ದು. ಪಂಪಿನ ದುಡ್ಡಿಗಿಂತ ಸಂಪ್ ಇಳಿಸಿ ಏರಿಸುವ ಕೂಲಿಯೇ ಜಾಸ್ತಿ ಆಯಿತು. ಹಾಗಾಗಿ ಸ್ಟ್ರೈನರ್ (ಪಂಪ್ ಎಣ್ಣೆ ಎಳೆಯುವ ಬಾಯಿಯ ಜರಡಿ) ತೊಳೆಯುವ ಕೆಲಸವನ್ನೂ ಆಗಲೇ ಮುಗಿಸಿಕೊಳ್ಳಿ.

ಈಗ ಎರಡು ವರ್ಷ, ಸುಮಾರು 5,000 ಕಿ.ಮೀ. ಆಗಿದೆ. 20ಡಬ್ಲ್ಯೂ-50 ದರ್ಜೆಯ ಎಂಜಿನ್ ಎಣ್ಣೆ ಹಾಕುತ್ತೇನೆ. ಬಿಸಿಯಲ್ಲಿ ಐಡಲ್‌ಗೆ 16 ಪಿಎಸ್‌ಐ, ಹೆದ್ದಾರಿಯಲ್ಲಿ 45ರ ಆಸುಪಾಸು. ಮೇ ತಿಂಗಳ ಟ್ರಾಫಿಕ್ಕಿನಲ್ಲೂ ದೀಪ ಮಿಣುಕಿಲ್ಲ. ಸಂಪ್ ಗ್ಯಾಸ್ಕೆಟ್ ಮಾತ್ರ ಹನಿ ಹನಿ ಜಿನುಗುತ್ತದೆ, ಪಾರ್ಕಿಂಗಿನಲ್ಲಿ ರಟ್ಟು ಹಾಸಿದ್ದೇನೆ, ಸೊಸೈಟಿಯವರ ಬೈಗುಳ ಇನ್ನೂ ನಿಂತಿಲ್ಲ.