ಸಿಎಸ್‌ವಿಹೆಲ್ಪರ್: ಮಂಡಿ ಲೆಕ್ಕಕ್ಕೆ 2020ರಿಂದ ಬಳಸಿದವನ ಅನುಭವ

ಕೋಲಾರ ಎಪಿಎಂಸಿ ಯಾರ್ಡಿನ ಎರಡು ಟೊಮೆಟೊ ಮಂಡಿಗಳಿಗೆ, ಶ್ರೀನಿವಾಸಪುರದ ಕಡೆಯ ಒಂದು ರೈತ ಉತ್ಪಾದಕರ ಕಂಪನಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಟ್ಟು ನೋಡಿಕೊಳ್ಳುತ್ತಿದ್ದೇನೆ. ಗುಮಾಸ್ತರು ಎಕ್ಸೆಲ್‌ನಲ್ಲಿ ಹೊಡೆದದ್ದು ಸಿಎಸ್‌ವಿ ಫೈಲಾಗಿ, ಅಂದರೆ ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಬರೀ ಅಕ್ಷರಗಳ ಸಾಲುಗಳಾಗಿ ಬರುತ್ತದೆ. ಅದನ್ನು ಸಿ ಶಾರ್ಪ್ (ಮೈಕ್ರೋಸಾಫ್ಟಿನ ಡಾಟ್‌ನೆಟ್ ವೇದಿಕೆಯ ಪ್ರೋಗ್ರಾಮಿಂಗ್ ಭಾಷೆ) ಆಬ್ಜೆಕ್ಟ್‌ಗಳಾಗಿ, ಸಾಲಿಗೊಂದರಂತೆ ಓದಿಕೊಡುವುದು ಸಿಎಸ್‌ವಿಹೆಲ್ಪರ್ ಎಂಬ ಸಿದ್ಧ ಕೋಡಿನ ಲೈಬ್ರರಿ. ದುಡ್ಡು ಕೊಡಬೇಕಿಲ್ಲ, ಅಪಾಚೆ 2.0 ಲೈಸೆನ್ಸಿನಲ್ಲಿ ಸಿಗುತ್ತದೆ. ವೇಗದ ಬಗ್ಗೆ ನಾನು ಹೇಳುವುದೇನಿಲ್ಲ, ನಮ್ಮ ಫೈಲುಗಳು ಅಷ್ಟು ದೊಡ್ಡವಲ್ಲ. ಇಷ್ಟು ವರ್ಷ ನಾನು ಇದನ್ನು ಬಿಡದೆ ಇರುವುದು ಒಂದೇ ಸೌಲಭ್ಯಕ್ಕಾಗಿ: ಯಾವ ಪ್ರಾಪರ್ಟಿಗೆ (ಆಬ್ಜೆಕ್ಟಿನೊಳಗಿನ ದರ, ತೂಕದಂಥ ಒಂದೊಂದು ಅಂಶ) ಯಾವ ಕನ್ವರ್ಟರ್ (ಫೈಲಿನ ಅಕ್ಷರಗಳನ್ನು ಸಂಖ್ಯೆಯೋ ದಿನಾಂಕವೋ ಮಾಡುವ ಕೋಡು) ಎಂದು ನಾವೇ ರಿಜಿಸ್ಟರ್ ಮಾಡಬಹುದು.

ಅದು ಯಾಕೆ ಬೇಕು ಅಂದರೆ, 15 ಕೆಜಿ ಬಾಕ್ಸಿನ ದರ 480 ರೂಪಾಯಿ ಅಂತಿಟ್ಟುಕೊಳ್ಳಿ. ಒಬ್ಬ ಗುಮಾಸ್ತ 480 ಎನ್ನುತ್ತಾನೆ, ಇನ್ನೊಬ್ಬ ‘480/-’, ಮತ್ತೊಬ್ಬ ‘ರೂ. 480’. ಲೈಬ್ರರಿಯ ಡಿಫಾಲ್ಟ್‌ಟೈಪ್‌ಕನ್ವರ್ಟರ್ ಕ್ಲಾಸನ್ನು ಬುನಾದಿಯಾಗಿ (ಬೇಸ್ ಕ್ಲಾಸ್) ಇಟ್ಟುಕೊಂಡು ನಮ್ಮದೊಂದು ಕ್ಲಾಸ್ ಮಾಡಿ, ಅದರ ಕನ್ವರ್ಟ್‌ಫ್ರಮ್‌ಸ್ಟ್ರಿಂಗ್ ಎಂಬ ಮೆಥಡ್ ಒಳಗೆ ‘/-’, ‘ರೂ.’ಗಳಂಥ ಹಿಂದುಮುಂದಿನ ಗುರುತುಗಳನ್ನೆಲ್ಲ ಕಿತ್ತು ಸಂಖ್ಯೆ ಮಾಡಿ ಕೊಟ್ಟರೆ ಕೆಲಸ ಮುಗಿಯಿತು. ಹತ್ತು ಸಾಲಿನ ಕೋಡು.

ಆ ಹತ್ತು ಸಾಲಿನಲ್ಲೇ ನಾನು ಎಡವಿದ್ದು. ಸಂಖ್ಯೆ ಆಗದಿದ್ದರೆ ಸೊನ್ನೆ ಕೊಡು ಅಂತ ಬರೆದುಬಿಟ್ಟಿದ್ದೆ. ಒಂದು ಬೆಳಗ್ಗೆ ಮಂಡಿಯಿಂದ ಫೋನು. ಗುಮಾಸ್ತನ ಪಕ್ಕದಲ್ಲೇ ರೈತರೊಬ್ಬರು ನಿಂತಿದ್ದರು, ಅವರ ಮಾತೂ ಕೇಳುತ್ತಿತ್ತು: “ಏನಪ್ಪಾ, ನಲವತ್ತು ಬಾಕ್ಸ್ ಬಿಟ್ಟಿ ಕೊಟ್ಟಂಗಾಯ್ತಲ್ಲ?” ಪಟ್ಟಿಯಲ್ಲಿ ದರ ಸೊನ್ನೆ. ಹೊಸ ಹುಡುಗ ಕನ್ನಡ ಕೀಬೋರ್ಡಿನಲ್ಲಿ ‘೪೮೦’ ಎಂದು ಹೊಡೆದಿದ್ದ. ಅವನದೇನು ತಪ್ಪು? ಡಾಟ್‌ನೆಟ್‌ನಲ್ಲಿ ‘೪’ ಅಂಕಿಯೇ ಎಂದು ಇಸ್‌ಡಿಜಿಟ್ ಎಂಬ ಮೆಥಡ್ಡನ್ನು ಕೇಳಿದರೆ ಹೌದು ಎನ್ನುತ್ತದೆ, ಅದನ್ನೇ ಸಂಖ್ಯೆ ಮಾಡು ಎಂದು ಪಾರ್ಸ್ ಎಂಬ ಮೆಥಡ್ಡಿಗೆ ಕೊಟ್ಟರೆ ಆಗುವುದಿಲ್ಲ ಎನ್ನುತ್ತದೆ. (ಇನ್ನೊಂದು ಭಾಷೆಯಾದ ಜಾವಾದ ಪಾರ್ಸ್‌ಇಂಟ್ ಕನ್ನಡ ಅಂಕಿಯನ್ನು ಸಲೀಸಾಗಿ ಓದುತ್ತದೆ. ಹೊಟ್ಟೆಕಿಚ್ಚು ನನಗೆ.) ಈಗ ನನ್ನ ಕನ್ವರ್ಟರ್ ಮೊದಲು ಕನ್ನಡ ಅಂಕಿಗಳನ್ನು ಬದಲಿಸುತ್ತದೆ, ಆಮೇಲೂ ಆಗದಿದ್ದರೆ ಬೇಸ್ ಕ್ಲಾಸಿಗೆ ಒಪ್ಪಿಸಿ ಎಕ್ಸೆಪ್ಷನ್ (ಓದುವುದನ್ನು ನಿಲ್ಲಿಸಿ ತಪ್ಪು ತೋರಿಸುವುದು) ಬರಲು ಬಿಡುತ್ತದೆ. ಎಕ್ಸೆಪ್ಷನ್ ಸಂದೇಶದಲ್ಲಿ ಯಾವ ಪ್ರಾಪರ್ಟಿ, ಏನು ಬರೆದಿತ್ತು ಎಂಬುದೆಲ್ಲ ಇರುತ್ತದೆ. ಈ ಲೈಬ್ರರಿಯಲ್ಲಿ ನನಗೆ ತುಂಬಾ ಹಿಡಿಸಿದ್ದು ಅದೇ.

ರಿಜಿಸ್ಟರ್ ಮಾಡಲು ಎರಡು ಜಾಗ ಇವೆ. ಟೈಪ್‌ಕನ್ವರ್ಟರ್‌ಕ್ಯಾಶ್ ಎಂಬ ಪಟ್ಟಿಗೆ ಒಂದು ಟೈಪಿನ (ಡೇಟಾದ ಬಗೆ) ಹೆಸರಲ್ಲಿ ಸೇರಿಸಿದರೆ ಆ ಟೈಪಿನ ಎಲ್ಲ ಪ್ರಾಪರ್ಟಿಗಳಿಗೂ ಅನ್ವಯ. ಕ್ಲಾಸ್‌ಮ್ಯಾಪ್‌ನಲ್ಲಿ (ಯಾವ ಕಾಲಂ ಯಾವ ಪ್ರಾಪರ್ಟಿಗೆ ಎಂದು ಹೇಳುವ ಕ್ಲಾಸ್) ಬರೆದರೆ ಆ ಒಂದು ಪ್ರಾಪರ್ಟಿಗೆ ಮಾತ್ರ. ಶುರುವಿನಲ್ಲಿ ಸೋಮಾರಿತನಕ್ಕೆ ಡೆಸಿಮಲ್ ಎಂಬ ದಶಮಾಂಶ ಸಂಖ್ಯೆಯ ಟೈಪಿಗೇ ಒಂದು ಕನ್ವರ್ಟರ್ ಹಾಕಿದ್ದೆ. ಅದು ಪೈಸೆಯನ್ನು ಹತ್ತಿರದ ರೂಪಾಯಿಗೆ ಸರಿಮಾಡುತ್ತಿತ್ತು. ದರಕ್ಕೆ ಸರಿ. ತೂಕವೂ ಡೆಸಿಮಲ್ಲೇ ಅಲ್ಲವೇ, 14.6 ಕೆಜಿ ಹೋಗಿ 15 ಆಯಿತು. ಭಾಷೆ ಕೊಟ್ಟ ಟೈಪಾದರೆ ಪ್ರಾಪರ್ಟಿಗೇ ಕಟ್ಟಬೇಕು, ನಾವೇ ಮಾಡಿಕೊಂಡ ಟೈಪಾದರೆ ಮಾತ್ರ ಕ್ಯಾಶ್‌ಗೆ ಹಾಕಬೇಕು ಎಂಬುದು ಅಲ್ಲಿಂದ ನನ್ನ ರೂಢಿ. ದಿನಾಂಕಕ್ಕೆ ಇದ್ಯಾವುದೂ ಬೇಡ. ಕ್ಲಾಸ್‌ಮ್ಯಾಪ್‌ನಲ್ಲೇ ನಾಲ್ಕಾರು ಫಾರ್ಮ್ಯಾಟ್ ಬರೆದರೆ ಸಾಕು.

ನಾವೇ ಮಾಡಿಕೊಂಡ ಟೈಪು ಅಂದರೆ ನಮ್ಮಲ್ಲಿ ಜಮೀನಿನದು. ಪಹಣಿಯಲ್ಲಿ 2.10 ಅಂದರೆ ಎರಡು ಎಕರೆ ಹತ್ತು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ, ಅಂದರೆ ಎರಡೂಕಾಲು ಎಕರೆ. ಇದನ್ನು ಡೆಸಿಮಲ್ಲಾಗಿ ಓದಿದರೆ ಲೆಕ್ಕ ಕೆಟ್ಟಿತು. ಹಾಗಾಗಿ ಒಳಗೆ ಬರೀ ಗುಂಟೆ ಇಟ್ಟುಕೊಳ್ಳುತ್ತೇನೆ, 2.10 ಬಂದರೆ 90. ಆದರೆ ಎಕ್ಸೆಲ್ ಆ ಕೊನೆಯ ಸೊನ್ನೆ ನುಂಗಿ 2.1 ಮಾಡುತ್ತದೆ. ಆಗ ಅದು ಹತ್ತು ಗುಂಟೆಯೋ ಒಂದು ಗುಂಟೆಯೋ ದೇವರಿಗೇ ಗೊತ್ತು. ಚುಕ್ಕೆಯ ನಂತರ ಒಂದೇ ಅಂಕಿ ಇದ್ದರೆ ನನ್ನ ಕನ್ವರ್ಟರ್ ಒಪ್ಪುವುದಿಲ್ಲ. 2.50 ಬಂದರೂ ಒಪ್ಪುವುದಿಲ್ಲ. ಐವತ್ತು ಗುಂಟೆ ಎಂಬುದಿಲ್ಲ, ಯಾರೋ ಎರಡೂವರೆ ಎಕರೆ ಅಂತ ಬರೆದಿರುತ್ತಾರೆ. ಕಂಪನಿಯ ಅಕ್ಕನೊಬ್ಬರು ಜಾಣತನ ಮಾಡಿ ಚುಕ್ಕೆ ಬದಲು ಅಡ್ಡಗೆರೆ ಹಾಕಿ 2-10 ಎಂದರು. ಎಕ್ಸೆಲ್ ಅದನ್ನು ಅಕ್ಟೋಬರ್ 2 ಮಾಡಿತು. “ಸಾರ್, ಗಾಂಧಿ ಜಯಂತಿ ಬಂತು” ಅಂತ ಅವರೇ ನಕ್ಕರು. ಈಗ ಆ ಕಾಲಂ ಪೂರ್ತಿ ಟೆಕ್ಸ್ಟ್. ಎಕ್ಸೆಲ್ ಮೊದಲೇ ಕೆಡಿಸಿ ಕಳಿಸಿದ್ದನ್ನು ಯಾವ ಕನ್ವರ್ಟರೂ ವಾಪಸು ತರಲಾರದು.

ಕಿರಿಕಿರಿ ಇಲ್ಲವೆಂದಲ್ಲ. ಪ್ರಾಪರ್ಟಿಯ ಮೇಲೆ ಟೈಪ್‌ಕನ್ವರ್ಟರ್ ಎಂಬ ಆಟ್ರಿಬ್ಯೂಟ್ (ಕೋಡಿಗೆ ಅಂಟಿಸುವ ಚೀಟಿಯಂಥದ್ದು) ಹಾಕುವ ದಾರಿಯೂ ಇದೆ, ಆದರೆ ಅದೇ ಹೆಸರಿನದು ಡಾಟ್‌ನೆಟ್‌ನ ಸಿಸ್ಟಂ ಕಾಂಪೊನೆಂಟ್‌ಮಾಡೆಲ್‌ನಲ್ಲೂ ಇದೆ. ಎಡಿಟರ್ ಅದನ್ನು ಎಳೆದುಕೊಂಡರೆ ಕೋಡು ಕಂಪೈಲ್ ಆಗುತ್ತದೆ, ಕನ್ವರ್ಟರ್ ಮಾತ್ರ ಓಡುವುದೇ ಇಲ್ಲ. ಅರ್ಧ ದಿನ ಹುಡುಕಿದ್ದೇನೆ. ಲೈಬ್ರರಿಯ 20ನೇ ಆವೃತ್ತಿಗೆ ಬಂದಾಗ ಕ್ಲಾಸ್‌ಮ್ಯಾಪ್ ರಿಜಿಸ್ಟರ್ ಮಾಡುವ ಜಾಗ ಕಾನ್ಫಿಗರೇಷನ್‌ನಿಂದ ಕಾಂಟೆಕ್ಸ್ಟ್‌ಗೆ ಹೋಯಿತು, ಒಂದು ಸಂಜೆ ಅದಕ್ಕೆ ಹೋಯಿತು. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಹೊಸಬರು ಆಟ್ರಿಬ್ಯೂಟ್ ಬಿಟ್ಟು ಕ್ಲಾಸ್‌ಮ್ಯಾಪ್‌ನಿಂದಲೇ ಶುರು ಮಾಡಿ.